ಎಂಜಿನ್ನಿಗೊಂದು ಕಷಾಯ

ಆರೋಗ್ಯವನ್ನು ಸೀಸೆಯಲ್ಲಿ ತುಂಬಿ ಮಾರಬಹುದೆಂಬ ನಂಬಿಕೆ ಮನುಷ್ಯನಿಗೆ ಇಂದು ನಿನ್ನೆಯದಲ್ಲ. ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಕಾಲಿಟ್ಟಿತೆಂದರೆ ಒಲೆಯ ಮೇಲೆ ಕಷಾಯದ ಪಾತ್ರೆ ಏರುತ್ತದೆ. ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಶುಂಠಿ ಬೆರೆತ ಆ ಮದ್ದು ಜ್ವರ ಬಂದವನಿಗೂ ಬೇಕು, ಬಾರದವನಿಗೂ ಬೇಕು. ಮನೆಯ ಮಂದಿಗೆ ಸಲ್ಲುತ್ತಿದ್ದ ಈ ಉಪಚಾರ ಈಗ ಮನೆಯ ಯಂತ್ರಗಳಿಗೂ ಸಲ್ಲತೊಡಗಿದೆ. ಪೇಟೆಯಲ್ಲಿ ವಾಹನಗಳ ಬಿಡಿಭಾಗ ಮಾರುವ ಅಂಗಡಿಯ ಕಪಾಟಿನಲ್ಲಿ ಬಣ್ಣಬಣ್ಣದ ಪುಟ್ಟ ಸೀಸೆಗಳು ಸಾಲುಗಟ್ಟಿ ನಿಂತಿವೆ. ಟ್ಯಾಂಕಿಗೆ ಸುರಿದರೆ ಸಾಕು, ಎಂಜಿನ್ನಿನ ಕೊಳೆಯೆಲ್ಲ ಕರಗಿ ಅದು ಹೊಸದರಂತಾಗುವುದೆಂದು ಅವುಗಳ ಮೈಮೇಲಿನ ಬರಹ ಸಾರುತ್ತದೆ. ಆ ಮಾತಿನಲ್ಲಿ ಸತ್ಯವೆಷ್ಟು, ಆಸೆಯೆಷ್ಟು ಎಂಬುದನ್ನು ತೂಗಿ ನೋಡುವುದಕ್ಕೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಗಿಂತ ತಕ್ಕ ಸ್ಥಳ ಇನ್ನೊಂದು ದೊರೆಯಲಾರದು.

ಏಕೆಂದರೆ ಇಲ್ಲಿ ಎಂಜಿನ್ನಿಗೆ ಶತ್ರು ಧೂಳಲ್ಲ, ನೀರು. ಜೋಗದಲ್ಲಿ ಶರಾವತಿ ಧುಮುಕುವುದನ್ನು ನೋಡಿ ಮೈಮರೆಯುವ ಪ್ರವಾಸಿಗೆ, ಅಷ್ಟು ನೀರು ಆಕಾಶದಿಂದ ಇಳಿಯುವಾಗ ಮನೆಯೊಳಗಿನ ಬೆಂಕಿಪೆಟ್ಟಿಗೆಯೂ ಮೆತ್ತಗಾಗುವುದು ತಿಳಿದಿರುವುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ. ಹೊಸನಗರದ ಹುಲಿಕಲ್ಲು ಆ ಕೀರ್ತಿಗೆ ಅದರೊಡನೆ ಪೈಪೋಟಿ ನಡೆಸುತ್ತದೆ. ಇಂಥ ಹವೆಯಲ್ಲಿ ಅಟ್ಟದ ಮೂಲೆಯಲ್ಲಿಯೋ ಕೊಟ್ಟಿಗೆಯ ಪಕ್ಕದಲ್ಲಿಯೋ ಕುಳಿತಿರುವ ಯಂತ್ರಗಳು ಒಂದೆರಡಲ್ಲ: ಕಳೆ ಕತ್ತರಿಸುವ ಯಂತ್ರ, ಅಡಿಕೆ ಸುಲಿಯುವ ಯಂತ್ರ, ಟಿಲ್ಲರು, ಎಲ್ಲಕ್ಕೂ ಮಿಗಿಲಾಗಿ ಔಷಧಿ ಹೊಡೆಯುವ ಪಂಪು.

ಈ ಕೊನೆಯದರ ಮಹಿಮೆಯನ್ನು ಪಟ್ಟಣದ ಓದುಗರಿಗೆ ತುಸು ಬಿಡಿಸಿ ಹೇಳಬೇಕು. ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಬರುವ ಮಹಾಮಾರಿಯೆಂದರೆ ಕೊಳೆರೋಗ. ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಎಳೆಯ ಕಾಯಿಗೆ ತಗಲಿತೆಂದರೆ, ಕೊನೆಗೆ ಕೊನೆಯೇ ಕೊಳೆತು ಕಾಯಿ ಮರದಡಿಗೆ ಉದುರುತ್ತದೆ. ಹಿಂದೆ ಬೆಳೆಗಾರರು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯ ಹನಿಯನ್ನು ತಡೆಯುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಅಭ್ಯಸಿಸಿ ೧೯೧೦ರಲ್ಲಿ ವರದಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆತ ಬೋರ್ಡೋ ದ್ರಾವಣ ಅವರ ಕಾಲದಿಂದ ಮಲೆನಾಡಿನ ತೋಟಗಳಲ್ಲಿ ಬೇರೂರಿತು. ೧೦೦ ಲೀಟರು ನೀರಿಗೆ ಮೈಲುತುತ್ತ ೧ ಕಿಲೋ, ಸುಣ್ಣ ೧ ಕಿಲೋ. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುನ್ನ. ಎರಡನೆಯದು ಸುಮಾರು ೪೦-೪೫ ದಿನಗಳ ಬಳಿಕ, ಎಂದರೆ ನಟ್ಟನಡು ಮಳೆಗಾಲದಲ್ಲಿ. ದ್ರಾವಣ ಕಾಯಿಗೆ ಅಂಟಿ ನಿಲ್ಲಬೇಕಾದರೆ ಒಂದಿಷ್ಟು ಹೊತ್ತು ಬಿಸಿಲು ಬೇಕು. ಆ ಬಿಸಿಲು ಹೇಳಿ ಕೇಳಿ ಬರುವುದಿಲ್ಲ. ಬಂದ ದಿನ ಕೊನೆಗೌಡ ದೊರೆಯಬೇಕು, ಇಲ್ಲವೇ ನೆಲದಿಂದಲೇ ಹೊಡೆಯುವ ದೋಟಿಯವರು ದೊರೆಯಬೇಕು. ಅವರು ದೊರೆತ ದಿನ ಪಂಪಿನ ಎಂಜಿನ್ನು ಚಾಲೂ ಆಗಬೇಕು. ಮೂರರಲ್ಲಿ ಒಂದು ತಪ್ಪಿದರೂ ವರ್ಷದ ಬೆಳೆ, ಅದರೊಡನೆ ಮಗಳ ಕಾಲೇಜಿನ ಶುಲ್ಕ, ಸೊಸೈಟಿಯ ಸಾಲದ ಕಂತು, ಎಲ್ಲವೂ ತೋಟದ ನೆಲಕ್ಕೆ ಉದುರಿದಂತೆಯೇ.

ಹೀಗಿರುವಾಗ ಎಂಜಿನ್ನು ಹೊರಡದಿರುವುದು ಸಾಮಾನ್ಯವಾಗಿ ಅಂಥ ದಿನವೇ. ಅದಕ್ಕೆ ಕಾರಣ ಗ್ರಹಚಾರವಲ್ಲ, ರಸಾಯನಶಾಸ್ತ್ರ. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನಲ್ಲಿ ಹಗುರವಾದ ಅಂಶ ಆವಿಯಾಗಿ ಹೋಗುತ್ತದೆ. ಉಳಿದದ್ದು ಗಾಳಿಯ ಆಮ್ಲಜನಕದೊಡನೆ ಬೆರೆತು ಹಲಸಿನ ಮೇಣದಂಥ ಅಂಟಾಗಿ ಕಾರ್ಬ್ಯುರೇಟರಿನ ಸೂಜಿಮೊನೆಯಂಥ ರಂಧ್ರವನ್ನು ಮುಚ್ಚುತ್ತದೆ. ಇದು ಹಳೆಯ ತೊಂದರೆ. ಹೊಸದೊಂದು ಈಚೆಗೆ ಸೇರಿಕೊಂಡಿದೆ. ೨೦೨೩ರ ಫೆಬ್ರುವರಿಯಲ್ಲಿ ಶೇಕಡಾ ೨೦ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ೨೦೨೫ರ ಹೊತ್ತಿಗೆ ಅದೇ ದೇಶದ ಬಂಕುಗಳ ಸಾಮಾನ್ಯ ಪೆಟ್ರೋಲಾಯಿತು. ಎಥನಾಲಿಗೆ ನೀರಿನ ಮೇಲೆ ಬಹಳ ಪ್ರೀತಿ. ಗಾಳಿಯ ತೇವವನ್ನು ಅದು ಎಳೆದುಕೊಳ್ಳುತ್ತದೆ, ಸ್ವಲ್ಪ ಮಟ್ಟಿಗೆ ತನ್ನಲ್ಲೇ ಅಡಗಿಸಿಯೂ ಇಟ್ಟುಕೊಳ್ಳುತ್ತದೆ. ಮಿತಿ ಮೀರಿದೊಡನೆ ನೀರು ಮತ್ತು ಎಥನಾಲ್ ಎರಡೂ ಕೈಹಿಡಿದುಕೊಂಡು ಪೆಟ್ರೋಲನ್ನು ತೊರೆದು ಟ್ಯಾಂಕಿನ ತಳ ಸೇರುತ್ತವೆ. ಎಂಜಿನ್ನಿಗೆ ಇಂಧನ ಹೋಗುವುದು ತಳದಿಂದಲೇ.

ಇಂಥ ಸಮಯದಲ್ಲಿ ಬೆಳೆಗಾರನೊಬ್ಬ ಯಂತ್ರವನ್ನು ಜೀಪಿನ ಹಿಂದಕ್ಕೆ ಹಾಕಿಕೊಂಡು ಪೇಟೆಯ ರಿಪೇರಿ ಅಂಗಡಿಗೆ ಧಾವಿಸುವುದು ಈ ಸೀಮೆಯಲ್ಲಿ ಪ್ರತಿ ಆಷಾಢದ ದೃಶ್ಯ. ಮೇಸ್ತ್ರಿ ಟ್ಯಾಂಕಿನ ಎಣ್ಣೆಯನ್ನು ಗಾಜಿನ ಬಾಟಲಿಗೆ ಬಸಿದು ಬೆಳಕಿಗೆ ಹಿಡಿಯುತ್ತಾನೆ. ಬಾಟಲಿಯ ನಡುವೆ ಗೆರೆ ಎಳೆದಂತೆ ಎರಡು ಪದರ.

“ಯಜಮಾನ್ರೇ, ಕೆಳಗಿರೋದು ನೀರು. ಇದನ್ನ ಕುಡಿಸಿದ್ರೆ ಎಂಜಿನ್ ಹೊರಡೋದು ಹೇಗೆ?”

“ಅಲ್ಲ ಮಾರಾಯಾ, ಹೋದ ವಾರವಷ್ಟೇ ಕ್ಲೀನರ್ ಸೀಸೆ ತಂದು ಪೂರ್ತಿ ಹಾಕಿದ್ದೇನಲ್ಲ!”

“ನೆಗಡಿಯಾದವನಿಗೆ ಕಷಾಯ ಕೊಡ್ಬಹುದು. ಕೆರೆಗೆ ಬಿದ್ದವನನ್ನ ಮೊದ್ಲು ಮೇಲಕ್ಕೆ ಎಳೀಬೇಕಲ್ವಾ?”

ಮೇಸ್ತ್ರಿಯ ಈ ಒಂದು ಮಾತಿನಲ್ಲಿ ಸೀಸೆಯ ಶಾಸ್ತ್ರವೆಲ್ಲ ಅಡಗಿದೆ. ಸೀಸೆಯೊಳಗಿನ ವಸ್ತು ಮಂತ್ರಜಲವಲ್ಲ. ಹಾಗೆಂದು ಮೋಸವೂ ಅಲ್ಲ. ಅಂಟುವಾಳದ ನೊರೆ ಬಟ್ಟೆಯ ಜಿಡ್ಡನ್ನು ಬಿಡಿಸುವುದು ಹೇಗೋ, ಇದೂ ಹಾಗೆಯೇ. ಅದರ ಅಣುವಿನ ಒಂದು ತುದಿ ಕೊಳೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ಪೆಟ್ರೋಲಿನೊಡನೆ ಕೂಡಿಕೊಳ್ಳುತ್ತದೆ. ಬಿಟ್ಟುಬಂದ ಕೊಳೆ ಇಂಧನದೊಡನೆ ಉರಿದು ಹೋಗುತ್ತದೆ. ಪಾಲಿಈಥರ್ ಅಮೀನ್ ಎಂಬ ಜಾತಿಯ ರಾಸಾಯನಿಕ ಎಂಜಿನ್ನಿನ ಬಿಸಿಯನ್ನು ತಾಳಿಕೊಂಡು ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆಂದು ಹೆಸರಾಗಿದೆ. ಆದರೆ ಬಿದ್ದ ನೀರನ್ನು ಅದು ಇಂಗಿಸಲಾರದು. ಬೇರ್ಪಟ್ಟ ಎಥನಾಲನ್ನು ಮರಳಿ ಪೆಟ್ರೋಲಿನೊಡನೆ ಸಂಸಾರ ಹೂಡಿಸಲಾರದು. ತುಕ್ಕು ತಿಂದ ಲೋಹವನ್ನು ತುಂಬಲಾರದು. ಪೂರ್ತಿ ಮುಚ್ಚಿಹೋದ ರಂಧ್ರದೊಳಗೆ ಎಣ್ಣೆಯೇ ಹರಿಯದಿರುವಾಗ ಎಣ್ಣೆಯಲ್ಲಿ ಬೆರೆತ ಮದ್ದು ತಲುಪುವುದಾದರೂ ಹೇಗೆ? ಪಟ್ಟಣದ ಕಾರುಗಳಲ್ಲಿಯೂ ಇದಕ್ಕೊಂದು ನಿದರ್ಶನವಿದೆ. ಹೊಸ ಬಗೆಯ ಕೆಲವು ಎಂಜಿನ್ನುಗಳಲ್ಲಿ ಪೆಟ್ರೋಲು ನೇರವಾಗಿ ಉರಿಯುವ ಕೋಣೆಗೇ ಚಿಮ್ಮುತ್ತದೆ. ಗಾಳಿ ಒಳಬರುವ ಕವಾಟವನ್ನು ಅದು ಮುಟ್ಟುವುದೇ ಇಲ್ಲ. ಟ್ಯಾಂಕಿಗೆ ಎಷ್ಟು ಸೀಸೆ ಸುರಿದರೂ ಆ ಕವಾಟದ ಮಸಿ ಇದ್ದಲ್ಲಿಯೇ ಇರುತ್ತದೆ.

ಡೀಸೆಲಿನ ಕುಲವೇ ಬೇರೆ, ಆದರೆ ಶತ್ರು ಒಂದೇ. ಟ್ಯಾಂಕಿನ ತಳದ ನೀರಿಗೂ ಡೀಸೆಲಿಗೂ ನಡುವಣ ಗಡಿಯಲ್ಲಿ ಸೂಕ್ಷ್ಮಜೀವಿಗಳು ಮನೆ ಮಾಡಿ, ಕಪ್ಪು ಲೋಳೆಯಾಗಿ ಬೆಳೆದು ಫಿಲ್ಟರನ್ನು ಕಟ್ಟುತ್ತವೆ. ಇಂದಿನ ಜೀಪು ಕಾರುಗಳ ಇಂಜೆಕ್ಟರುಗಳಲ್ಲಿ ೦.೧ ಮಿಲಿಮೀಟರಿನ ಆಸುಪಾಸಿನ ರಂಧ್ರಗಳಿವೆ. ಅವುಗಳ ಮೂಲಕ ಡೀಸೆಲು ಸಾವಿರಕ್ಕೂ ಮಿಕ್ಕಿದ ವಾಯುಭಾರದ ಒತ್ತಡದಲ್ಲಿ ನುಗ್ಗುತ್ತದೆ. ಅಲ್ಲಿ ಒಂದು ಹನಿ ನೀರೂ ಅಪರಾಧವೇ. ೧೯೬೪ರಲ್ಲಿ ಲಿಂಗನಮಕ್ಕಿಯ ಕಟ್ಟೆ ಎದ್ದ ಮೇಲೆ ಶರಾವತಿಯ ಹಿನ್ನೀರು ಊರುಗಳನ್ನು ದ್ವೀಪಗಳಂತೆ ಬೇರ್ಪಡಿಸಿತು. ೨೦೨೫ರ ಜುಲೈ ೧೪ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗುವ ತನಕ, ಆಚೆ ದಡದ ಜನ ಸಾಗರದ ಆಸ್ಪತ್ರೆಗೆ ಬರಬೇಕಾದರೆ ಲಾಂಚಿನ ಡೀಸೆಲ್ ಎಂಜಿನ್ನನ್ನೇ ನೆಚ್ಚಬೇಕಿತ್ತು. ಎಂಜಿನ್ನಿನ ಶುಚಿತ್ವವೆಂಬುದು ಹವ್ಯಾಸಿಗಳ ವಿಷಯವಲ್ಲ, ಪ್ರಾಣದ ವಿಷಯವೂ ಆಗಬಲ್ಲುದೆಂಬುದನ್ನು ಆ ದಡದ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ.

ಇಂಧನಕ್ಕೆ ಏನನ್ನಾದರೂ ಬೆರೆಸುವ ಮುನ್ನ ಅದು ಹಿಂದೆ ಏನನ್ನು ಉಳಿಸಿ ಹೋಗುತ್ತದೆಂದು ಕೇಳಬೇಕೆಂಬ ಪಾಠವನ್ನು ಜಗತ್ತು ದುಬಾರಿ ಬೆಲೆ ಕೊಟ್ಟು ಕಲಿತಿದೆ. ೧೯೨೧ರಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲಿ ಎಂಬಾತ ಸೀಸದ ಸಂಯುಕ್ತವೊಂದನ್ನು ಪೆಟ್ರೋಲಿಗೆ ಬೆರೆಸಿದರೆ ಎಂಜಿನ್ನಿನ ಬಡಿತ ನಿಲ್ಲುವುದೆಂದು ಕಂಡುಹಿಡಿದ. ಬಡಿತವೇನೋ ನಿಂತಿತು, ಸೀಸದ ವಿಷ ಮಾತ್ರ ಹೊಗೆಯೊಡನೆ ಊರೂರಿನ ಮಕ್ಕಳ ರಕ್ತಕ್ಕೆ ಇಳಿಯಿತು. ಭಾರತ ಆ ಪೆಟ್ರೋಲನ್ನು ೨೦೦೦ದಲ್ಲಿ ಕೈಬಿಟ್ಟಿತು. ವಾಹನಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶವಾದ ಅಲ್ಜೀರಿಯ ೨೦೨೧ರಲ್ಲಿ. ನಮ್ಮ ಕಡೆಯ ಗೃಹವೈದ್ಯವೂ ಇದರಿಂದ ದೂರವಲ್ಲ. ಮೈಲೇಜು ಹೆಚ್ಚುವುದೆಂದು ಬೈಕಿನ ಟ್ಯಾಂಕಿಗೆ ನುಸಿಗುಳಿಗೆ ಹಾಕುವವರಿದ್ದಾರೆ. ಇಂದಿನ ಅನೇಕ ಗುಳಿಗೆಗಳಲ್ಲಿರುವುದು ಕ್ಲೋರಿನ್ ಕೂಡಿದ ರಾಸಾಯನಿಕ. ಅದು ಉರಿದಾಗ ಹುಟ್ಟುವ ಆಮ್ಲ ಲೋಹವನ್ನೇ ತಿನ್ನುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಹೆಚ್ಚಿನದೇನೂ ಇಲ್ಲ. ಸಿಂಪಡಣೆ ಮುಗಿದ ಸಂಜೆ ಟ್ಯಾಂಕನ್ನು ಬರಿದು ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ತೀರುವ ತನಕ ಎಂಜಿನ್ನನ್ನು ಓಡಿಸಿ ನಿಲ್ಲಿಸಬೇಕು. ಬೇಕಾದಷ್ಟೇ ಪೆಟ್ರೋಲನ್ನು ಆಗಾಗ ತಂದು, ಬಿಗಿಯಾದ ಮುಚ್ಚಳದ ಕ್ಯಾನಿನಲ್ಲಿ ಇಡಬೇಕು. ಡೀಸೆಲ್ ವಾಹನದ ಫಿಲ್ಟರಿನಡಿ ನೀರು ಬಸಿಯುವ ತಿರುಪನ್ನು ಮಳೆಗಾಲದಲ್ಲಿ ಮರೆಯಬಾರದು. ಇಷ್ಟು ಮಾಡಿದ ಮನೆಗೆ ಸೀಸೆಯೂ ನಿಜವಾದ ಉಪಕಾರ ಮಾಡುತ್ತದೆ. ಚೀಟಿಯಲ್ಲಿ ಬರೆದಷ್ಟೇ ಅಳತೆಯಲ್ಲಿ, ಓಡುವ ಎಂಜಿನ್ನಿಗೆ, ವರ್ಷಕ್ಕೆ ಒಂದೆರಡು ಬಾರಿ ಹಾಕಿದರೆ ಸಣ್ಣಪುಟ್ಟ ಕೊಳೆ ನೆಲೆಯೂರದು. ಬಹುಕಾಲದ ಕೊಳೆಯಿದ್ದಲ್ಲಿ ಹಾಕಿದರೆ ಮಾತ್ರ, ಕಳಚಿಬಂದ ಕಸ ಫಿಲ್ಟರನ್ನು ಕಟ್ಟುವುದರಿಂದ ಅದನ್ನೂ ಬದಲಿಸಬೇಕಾಗುತ್ತದೆ.

ಇದರಲ್ಲಿ ಹೊಗಳಿಸಿಕೊಳ್ಳುವಂಥದ್ದೇನೂ ಇಲ್ಲವೆಂಬುದೇ ಇದರ ಕಷ್ಟ. ಸೀಸೆ ಸುರಿದವನಿಗೆ ಏನೋ ಮಾಡಿದೆನೆಂಬ ತೃಪ್ತಿಯಾದರೂ ಇರುತ್ತದೆ. ದಣಿದ ಸಂಜೆ ಟ್ಯಾಂಕು ಬರಿದು ಮಾಡಿದವನನ್ನು ಯಾರೂ ಕಾಣುವುದಿಲ್ಲ. ಮಳೆ ಬಿಟ್ಟು ತೋಟದ ಮೇಲೆ ಎಳೆಬಿಸಿಲು ಬಿದ್ದು, ಕೊನೆಗೌಡ ಮರವೇರಿ ಕೂಗು ಹಾಕಿದಾಗ ಎಂಜಿನ್ನು ಎರಡನೆಯ ಎಳೆತಕ್ಕೇ ಹೊರಟರೆ, ಅದು ಏಕೆ ಹೊರಟಿತೆಂದು ಯಾರೂ ಕೇಳುವುದಿಲ್ಲ. ಎಲ್ಲರ ಕಣ್ಣೂ ಮೇಲೆ, ನೀಲಿ ಹನಿಗಳು ತಾಗುತ್ತಿರುವ ಕೊನೆಗಳ ಮೇಲೆಯೇ ಇರುತ್ತವೆ.