ಯಾರಿಗೆ? ಏನಾಗಿತ್ತು?

ಮಂಡ್ಯ ಜಿಲ್ಲೆಯ ಆ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿಗೆ ಮೂರು ಔಷಧದ ಅಂಗಡಿಗಳಿವೆ. ಎರಡರಲ್ಲಿ ಚೀಟಿ ಕೊಟ್ಟರೆ ಎರಡೇ ನಿಮಿಷದಲ್ಲಿ ಮಾತ್ರೆ ಕೈಗೆ ಬರುತ್ತದೆ. ಮೂರನೆಯದರಲ್ಲಿ ಹತ್ತು ನಿಮಿಷವಾದರೂ ಬೇಕು. ಅಲ್ಲಿಯ ಯಜಮಾನರಿಗೆ ಎರಡು ಪ್ರಶ್ನೆ ಕೇಳದೆ ಏನನ್ನೂ ಕೊಟ್ಟು ಅಭ್ಯಾಸವಿಲ್ಲ: ‘ಯಾರಿಗೆ? ಏನಾಗಿತ್ತು?’

ಬಸ್ಸು ಹಿಡಿಯುವ ಅವಸರದಲ್ಲಿರುವವರು ಇದಕ್ಕೇ ಬೇಸತ್ತು ಪಕ್ಕದ ಅಂಗಡಿಗೆ ಹೋಗುವುದುಂಟು. ‘ಅಪ್ಪಾ, ನೀವು ಡಾಕ್ಟರಲ್ಲ. ಕೇಳಿದ್ದು ಕೊಟ್ಟು ಕಳಿಸಿ’ ಎಂದು ಮಗನೂ ಎಷ್ಟೋ ಸಲ ಹೇಳಿದ್ದಾನೆ. ಅವರು ತಲೆಯಾಡಿಸುತ್ತಾರೆ, ಮುಂದಿನ ಗಿರಾಕಿ ಬಂದಾಗ ಮತ್ತೆ ಅದೇ ಪ್ರಶ್ನೆ.

ಒಂದು ಸಂಜೆ ಪಿ.ಯು.ಸಿ. ಓದುವ ಹುಡುಗನೊಬ್ಬ ಬಂದು ಬ್ಯಾಂಡೇಜ್ ಪಟ್ಟಿಯನ್ನೂ ಗಾಯದ ಮುಲಾಮನ್ನೂ ಕೇಳಿದ.

‘ಯಾರಿಗಪ್ಪಾ?’

‘ನನಗೇ ಸಾರ್.’

‘ಏನಾಗಿತ್ತು?’

‘ಮೊಳೆ ತಗುಲ್ತು.’

‘ಎಲ್ಲಿ, ತೋರ್ಸು.’

ಹುಡುಗ ಹಿಂದೆ ಮುಂದೆ ನೋಡಿ ಪ್ಯಾಂಟನ್ನು ಮೇಲೆತ್ತಿದ. ಮೀನಖಂಡದ ಮೇಲೆ ಅರಿಸಿನ ಮೆತ್ತಿದ ನಾಲ್ಕು ಗುರುತುಗಳು.

‘ಮೊಳೆಗೆ ನಾಲ್ಕು ಹಲ್ಲು ಇರೋದನ್ನ ಇವತ್ತೇ ನೋಡಿದ್ದು ಕಣಪ್ಪ.’

ಹುಡುಗನ ಕಣ್ಣಲ್ಲಿ ನೀರು ಬಂತು. ಟ್ಯೂಷನ್ನಿಗೆ ಹೋಗುವ ಓಣಿಯಲ್ಲಿ ದಿನವೂ ಬಿಸ್ಕತ್ತು ಹಾಕುತ್ತಿದ್ದ ಮರಿನಾಯಿ ಹಿಂದಿನ ದಿನ ಕಚ್ಚಿತ್ತು. ಮನೆಯಲ್ಲಿ ಹೇಳಿದರೆ ಅಪ್ಪ ಬೈಯುತ್ತಾರೆ ಎಂಬುದು ಒಂದು ಭಯ. ಅದಕ್ಕಿಂತ ದೊಡ್ಡ ಭಯ ಅಜ್ಜ ಹೇಳುತ್ತಿದ್ದ ಕಥೆಯದು: ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ!

ಅಜ್ಜ ಹೇಳಿದ್ದು ಸುಳ್ಳಲ್ಲ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆಯನ್ನು ಹಾಗೆಯೇ ಹೊಟ್ಟೆಗೆ ಚುಚ್ಚುತ್ತಿದ್ದರು. ನಮ್ಮ ದೇಶದಲ್ಲಿ 2004ರ ಕೊನೆಗೆ ಅದರ ಬಳಕೆ ನಿಂತುಹೋಯಿತು. ಈಗಿನದು ತೋಳಿಗೆ ಕೊಡುವ ಲಸಿಕೆ. ಮಾಂಸಖಂಡಕ್ಕಾದರೆ ಮೊದಲ ದಿನ, ಆಮೇಲೆ 3, 7, 14 ಮತ್ತು 28ನೆಯ ದಿನ. ಚರ್ಮಕ್ಕಾದರೆ ಅದರಲ್ಲಿ 14ನೆಯ ದಿನದ್ದು ಬೇಕಾಗುವುದಿಲ್ಲ. ಲಸಿಕೆ ಬದಲಾಗಿ ಇಷ್ಟು ವರ್ಷ ಕಳೆದರೂ ಅಜ್ಜಂದಿರ ಕಥೆ ಮಾತ್ರ ಬದಲಾಗಿಲ್ಲ.

ಯಜಮಾನರು ಮುಲಾಮು ಕೊಡಲಿಲ್ಲ. ಒಂದು ಸೋಪು ಬಿಚ್ಚಿ ಹುಡುಗನನ್ನು ಅಂಗಡಿಯ ಹಿಂದಿನ ನಲ್ಲಿಯ ಬಳಿ ಕೂರಿಸಿದರು. ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಗಾಯ ತೊಳೆಸಿದರು. ಮಗನ ಸ್ಕೂಟರಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿ, ಹುಡುಗನ ತಂದೆಗೆ ಫೋನ್ ಮಾಡಿದರು.

ಅವರ ಫ್ರಿಜ್ಜಿನಲ್ಲಿ ಅದೇ ಲಸಿಕೆ ಇತ್ತು, ಮಾರಬಹುದಿತ್ತು. ಮಗ ಹಿಂದಿರುಗಿದ ಮೇಲೆ ಅದನ್ನೇ ಕೇಳಿದ. ‘ಅಲ್ಲಿ ದುಡ್ಡಿಲ್ಲದೆ ಕೊಡ್ತಾರೆ. ರಕ್ತ ಬಂದಿರೋ ಗಾಯಕ್ಕೆ ಸುತ್ತಲೂ ಸೀರಮ್ ಕೂಡ ಹಾಕ್ಬೇಕು. ಅದು ಡಾಕ್ಟರ ಕೆಲಸ, ನಮ್ಮದಲ್ಲ’ ಎಂದರು.

ತಂದೆ ಸಿಟ್ಟಿನಿಂದಲೇ ಬಂದರು. ‘ಬೈಯೋದಿದ್ರೆ ಕೊನೇ ಸೂಜಿ ಆದ್ಮೇಲೆ ಬೈರಿ. ಈಗ ಬೈದ್ರೆ ಮಧ್ಯದಲ್ಲೇ ತಪ್ಪಿಸಿಕೊಳ್ತಾನೆ’ ಎಂದು ಯಜಮಾನರು ಅವರನ್ನು ಸ್ಟೂಲಿನ ಮೇಲೆ ಕೂರಿಸಿದರು.

‘ಒಂದು ಮರಿ ಕಚ್ಚಿದ್ದಕ್ಕೆ ಇಷ್ಟೆಲ್ಲ ಬೇಕಿತ್ತಾ ಸ್ವಾಮಿ?’

ಆಗ ಅವರು ಯಾರಿಗೂ ಹೇಳದಿದ್ದ ವಿಷಯವೊಂದನ್ನು ಹೇಳಿದರು. ಅಂಗಡಿ ಇಟ್ಟ ಹೊಸತರಲ್ಲಿ ರೈತನೊಬ್ಬ ಬಂದು ಕಾಲಿನ ಗಾಯಕ್ಕೆ ಮುಲಾಮು ಕೇಳಿದ್ದ. ಗದ್ದೆಯಲ್ಲಿ ಗುದ್ದಲಿ ಏಟು. ಇವರು ಏನೂ ಕೇಳದೆ ಮುಲಾಮು ಕೊಟ್ಟು ಚಿಲ್ಲರೆ ಎಣಿಸಿಕೊಂಡಿದ್ದರು. ಹತ್ತು ದಿನದ ಮೇಲೆ ಅವನ ತಮ್ಮ ಬಂದು, ಅಣ್ಣನ ದವಡೆ ಕಚ್ಚಿಕೊಂಡಿದೆ, ಮೈ ಬಿಲ್ಲಿನಂತೆ ಬಾಗುತ್ತಿದೆ, ಮೈಸೂರಿಗೆ ಕರೆದೊಯ್ಯುತ್ತಿದ್ದೇವೆ ಎಂದ. ಧನುರ್ವಾಯು. ರೈತ ಮೈಸೂರಿನಿಂದ ಹಿಂದಿರುಗಲಿಲ್ಲ.

‘ಅವತ್ತೂ ಟಿ.ಟಿ. ಇಂಜೆಕ್ಷನ್ ಇದೇ ಅಂಗಡೀಲಿತ್ತು. ಅದೊಂದರಿಂದಲೇ ಉಳೀತಿದ್ದ ಅಂತ ನಾನು ಹೇಳಲಾರೆ. ಆದ್ರೆ ಏನಾಗಿತ್ತು ಅಂತ ಒಂದು ಮಾತು ಕೇಳಿದ್ರೆ ಆಸ್ಪತ್ರೆಗಾದ್ರೂ ಹೋಗ್ತಿದ್ದ. ನಾನು ಕೇಳ್ಲಿಲ್ಲ.’

ತಂದೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: ‘ಅಲ್ಲಾ, ಈ ಲಸಿಕೆ ಗಿಸಿಕೆ ಎಲ್ಲಾ ಮಕ್ಕಳಿಗಲ್ವಾ? ನಮ್ಮಂಥ ದೊಡ್ಡವರಿಗೂ ಉಂಟಾ?’

ಹೆಚ್ಚಿನ ತಂದೆತಾಯಿಯರ ತಿಳಿವಳಿಕೆಯೂ ಇಷ್ಟೇ. ಮಗುವಿನ ಲಸಿಕೆ ಕಾರ್ಡನ್ನು ಬೀರುವಿನಲ್ಲಿ ಜೋಪಾನ ಮಾಡುವವರು ತಮ್ಮ ತೋಳಿಗೆ ಕೊನೆಯ ಸಲ ಯಾವಾಗ ಸೂಜಿ ಬಿತ್ತೆಂದು ಹೇಳಲಾರರು. 2021ರ ಮೇ ತಿಂಗಳಿಂದ ಹದಿನೆಂಟು ದಾಟಿದವರೆಲ್ಲ ಕೋವಿಡ್ ಲಸಿಕೆಗೆ ಸರದಿಯಲ್ಲಿ ನಿಂತಾಗ, ಲಸಿಕೆ ದೊಡ್ಡವರಿಗೂ ಬೇಕೆಂಬುದು ಮನೆಮನೆಗೂ ತಿಳಿದಿತ್ತು. ಸರದಿ ಕರಗಿದಂತೆ ಆ ತಿಳಿವಳಿಕೆಯೂ ಕರಗಿತು.

ಯಜಮಾನರು ಬೆರಳು ಮಡಿಸಿ ಲೆಕ್ಕ ಹೇಳಿದರು. ಧನುರ್ವಾಯುವಿನ ರಕ್ಷಣೆ ವರ್ಷ ಕಳೆದಂತೆ ಇಳಿಯುತ್ತದೆ. ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಿಕೊಳ್ಳಬೇಕು. ಈಗ ಸರ್ಕಾರಿ ಕಾರ್ಯಕ್ರಮದಲ್ಲಿ ಟಿ.ಟಿ. ಬದಲು, ಗಂಟಲುಮಾರಿಯನ್ನೂ ತಡೆಯುವ ಟಿ.ಡಿ. ಕೊಡುತ್ತಾರೆ. ಹೆಪಟೈಟಿಸ್ ಬಿ ಲಸಿಕೆ 2002ರಲ್ಲಿ ಕೆಲವೆಡೆ ಮಾತ್ರ ಆರಂಭವಾಗಿ, ದೇಶಕ್ಕೆಲ್ಲ ವಿಸ್ತರಿಸಿದ್ದು 2011ರ ಹೊತ್ತಿಗೆ. ಅದಕ್ಕೆ ಮೊದಲು ಹುಟ್ಟಿದ ಮಕ್ಕಳಲ್ಲಿ ಅನೇಕರಿಗೆ ಅದು ಸಿಕ್ಕಿಲ್ಲ. ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಓದಿಗೆ ಹೋಗುವವರು ದಿನವೂ ರಕ್ತ ಮುಟ್ಟುವವರು. ಅವರಿಗಂತೂ ಅದು ಬೇಕೇ ಬೇಕು. ಮೊದಲನೆಯದರ ನಂತರ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಕಾಲೇಜು ಸೇರುವ ಹಿಂದಿನ ದಿನ ಓಡಿ ಬಂದರೆ ಆಗುವ ಕೆಲಸವಲ್ಲ. ಓದಲು ವಿದೇಶಕ್ಕೆ ಹೋಗುವವರನ್ನು ಅಲ್ಲಿಯ ಎಷ್ಟೋ ವಿಶ್ವವಿದ್ಯಾಲಯಗಳು ದಡಾರದಂಥ ರೋಗಗಳ ಲಸಿಕೆಯ ದಾಖಲೆ ಕೇಳುತ್ತವೆ. ಅಜ್ಜ ಅಜ್ಜಿಗೆ, ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ ಬೇಕೇ ಎಂದು ಡಾಕ್ಟರನ್ನು ಕೇಳಬೇಕು.

ಅಮೆರಿಕದಲ್ಲಿ ಔಷಧದ ಅಂಗಡಿಯಲ್ಲೇ ತರಬೇತಾದ ಫಾರ್ಮಸಿಸ್ಟ್ ಫ್ಲೂ ಲಸಿಕೆ ಚುಚ್ಚುತ್ತಾರೆ. 2009ರ ಹೊತ್ತಿಗೆ ಅಲ್ಲಿಯ 50 ರಾಜ್ಯಗಳೂ ಅದಕ್ಕೆ ಒಪ್ಪಿಗೆ ಕೊಟ್ಟಿದ್ದವು. ಮಕ್ಕಳ ಮನೆಗೆ ಹೋಗಿ ಬಂದ ತಂದೆತಾಯಿಯರು ಇಲ್ಲಿ ಬಂದು ‘ನೀವೂ ಹಾಕ್ತೀರಾ?’ ಎಂದು ಕೇಳುವುದುಂಟು. ಯಜಮಾನರು ಕೈಮುಗಿಯುತ್ತಾರೆ. ಇಲ್ಲಿಯ ರೀತಿ ಬೇರೆ: ಚೀಟಿ ಬರೆಯುವುದು ಡಾಕ್ಟರು, ಚುಚ್ಚುವುದು ಆಸ್ಪತ್ರೆ. ಆದರೆ ಗಿರಾಕಿಗೆ ತಿಳಿಹೇಳುವುದೂ ಫಾರ್ಮಸಿಸ್ಟನ ಕೆಲಸವೆಂದು 2015ರ ಫಾರ್ಮಸಿ ವೃತ್ತಿ ನಿಯಮಗಳು ಹೇಳುತ್ತವೆ. ಇವರು ಅದನ್ನು ನಿಯಮ ಬರುವುದಕ್ಕೆ ಮೊದಲೇ ಕಲಿತಿದ್ದರು, ತುಂಬ ದುಬಾರಿ ಬೆಲೆ ತೆತ್ತು.

ಅವರ ಇನ್ನೊಂದು ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಲಸಿಕೆಯ ಫ್ರಿಜ್ಜಿನಲ್ಲಿ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ನೋಟುಬುಕ್ಕಿನಲ್ಲಿ ಬರೆಯುತ್ತಾರೆ. ಟಿ.ಡಿ., ಹೆಪಟೈಟಿಸ್ ಬಿ ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ. ಆದ್ದರಿಂದ ಅವು ಐಸಿನ ಖಾನೆಗೆ ಹೋಗುವಂತಿಲ್ಲ. ಬಾಗಿಲಿನ ಅರೆಯಲ್ಲೂ ಇಡುವುದಿಲ್ಲ. ಕರೆಂಟು ಹೋದಾಗ ಆ ಬಾಗಿಲು ಯಾರೂ ತೆರೆಯಕೂಡದು. ಲಸಿಕೆ ಕೊಂಡವರಿಗೆ ತಂಪು ಡಬ್ಬಿಯಲ್ಲಿಟ್ಟು ಕೊಟ್ಟು, ‘ನೆಟ್ಟಗೆ ಡಾಕ್ಟರ ಹತ್ರ ಹೋಗಿ, ಮಧ್ಯದಲ್ಲಿ ಸಂತೆ ಮಾಡ್ಬೇಡಿ’ ಎಂದು ಎಚ್ಚರಿಸುತ್ತಾರೆ.

ಹುಡುಗ ಒಂದು ದಿನವೂ ತಪ್ಪಿಸದೆ ಎಲ್ಲ ಸೂಜಿಗಳನ್ನೂ ಮುಗಿಸಿದ. ಆ ಮರಿ ನಾಲ್ಕನೆಯ ದಿನದಿಂದ ಓಣಿಯಲ್ಲಿ ಕಾಣಲಿಲ್ಲ. ಸತ್ತಿತೋ, ಎಲ್ಲಿಗಾದರೂ ಹೋಯಿತೋ ಯಾರಿಗೂ ತಿಳಿಯದು. ತಿಳಿಯುವವರೆಗೆ ಕಾಯಬಹುದಾದ ರೋಗವಲ್ಲ ಅದು. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು.

ತಿಂಗಳು ಕಳೆದ ಮೇಲೆ ಒಂದು ಭಾನುವಾರ ಹುಡುಗನ ತಂದೆ ಚೀಟಿ ಹಿಡಿದು ಅಂಗಡಿಗೆ ಬಂದರು. ಚೀಟಿಯಲ್ಲಿ ಟಿ.ಡಿ. ಎಂದು ಬರೆದಿತ್ತು.

‘ಯಾರಿಗೆ?’

‘ನನಗೇ.’

‘ಏನಾಗಿತ್ತು?’

‘ಏನೂ ಆಗಿಲ್ಲ ಸ್ವಾಮಿ. ಆಗೋಕೆ ಮುಂಚೇನೇ ಬಂದೆ.’

ಯಜಮಾನರು ಅಂದು ಮೂರನೆಯ ಪ್ರಶ್ನೆ ಕೇಳಲಿಲ್ಲ. ಫ್ರಿಜ್ಜಿನ ಕಡೆ ತಿರುಗಿದರು.