ಬಿಳಿ ಹುಲಿಗಳು

2006ರಲ್ಲಿ ನಾವು ಇದೇ ಶಾಲೆಯ ಎಂಟನೆಯ ಇಯತ್ತೆಯಲ್ಲಿ ಓದುತ್ತಿದ್ದೆವು. ಒಂದು ದಿನ ಗುರುಗಳು ನಮ್ಮನ್ನು 'ವಿಕ್ರಾಂತ' ನೌಕೆಯನ್ನು ತೋರಿಸಲು ಕರೆದೊಯ್ದರು. ಸೇವೆಯಿಂದ ನಿವೃತ್ತವಾದ ಆ ವಿಮಾನವಾಹಕ ನೌಕೆಯು ಆಗ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿತ್ತು. ಅಲ್ಲಿದ್ದ ಸೀಹಾಕ್ ವಿಮಾನವನ್ನು ಕಂಡು ನಮಗೆ ನಗೆ ಬಂದಿತು. ಒಬ್ಬನೇ ಕುಳಿತು ಹಾರಿಸುವ ಪುಟ್ಟ ವಿಮಾನ! ಇದು ಯುದ್ಧ ಮಾಡಿತೇ? ಗುರುಗಳು ನಗಲಿಲ್ಲ, ಅಲ್ಲಿಯೇ ನಿಂತು ಕಥೆ ಹೇಳಿದರು.

ಭಾರತೀಯ ನೌಕಾಪಡೆಯ 300ನೆಯ ವಿಮಾನದಳಕ್ಕೆ 'ಬಿಳಿ ಹುಲಿಗಳು' ಎಂದು ಹೆಸರು. 1960ರ ಜುಲೈ 7ರಂದು ಬ್ರಿಟನ್ನಿನ ಬ್ರಾಡಿ ಎಂಬಲ್ಲಿ ಸೀಹಾಕ್ ವಿಮಾನಗಳೊಡನೆ ಅದು ಹುಟ್ಟಿತು. 1961ರ ಮೇ 18ರಂದು ರಾಧಾಕೃಷ್ಣ ತಹಿಲಿಯಾನಿಯವರು ವಿಕ್ರಾಂತದ ಮೇಲೆ ಮೊದಲ ಜೆಟ್ ವಿಮಾನವನ್ನು ಇಳಿಸಿದರು. ಮುಂದೆ ಅವರೇ ನೌಕಾಪಡೆಯ ಮುಖ್ಯಸ್ಥರಾದರು. ಆ ವರ್ಷ ನವೆಂಬರಿನಲ್ಲಿ ನೌಕೆಯು ಮುಂಬಯಿಗೆ ಬಂದಾಗ ಪ್ರಧಾನಿ ನೆಹರೂ ಅವರು ಅದನ್ನು ಸ್ವಾಗತಿಸಿದರು.

ನೌಕೆಯ ಮೇಲೆ ಇಳಿಯುವುದು ಸುಲಭದ ಮಾತಲ್ಲ. ಓಡುಪಟ್ಟಿ ಕಿರಿದು, ಅದೂ ಅಲೆಗಳೊಡನೆ ಏಳುತ್ತ ಬೀಳುತ್ತ ಮುಂದೆ ಸಾಗುತ್ತಿರುತ್ತದೆ. ವಿಮಾನದ ಬಾಲದ ಕೊಕ್ಕೆಯು ಅಡ್ಡಕಟ್ಟಿದ ಉಕ್ಕಿನ ಹಗ್ಗಕ್ಕೆ ಸಿಕ್ಕಿದರೆ ವಿಮಾನ ನಿಲ್ಲುತ್ತದೆ. ತಪ್ಪಿದರೆ ಮತ್ತೆ ಮೇಲೇರಬೇಕು. ಏರುವಾಗ ಉಗಿಯ ಯಂತ್ರವು ಅದನ್ನು ಕವಣೆಯ ಕಲ್ಲಿನಂತೆ ಎಸೆಯುತ್ತದೆ. ಆಗ ಎದುರುಗಾಳಿ ಬೇಕು. ನೌಕೆಯು ವೇಗವಾಗಿ ಧಾವಿಸಿದಷ್ಟೂ ಆ ಗಾಳಿ ಬಲವಾಗುತ್ತದೆ.

ಆದರೆ 1971ರಲ್ಲಿ ವಿಕ್ರಾಂತದ ಬಾಯ್ಲರು ಬಿರುಕು ಬಿಟ್ಟಿತ್ತು. ನೌಕೆಯು ಪೂರ್ಣ ವೇಗದಲ್ಲಿ ಸಾಗುವಂತಿರಲಿಲ್ಲ. ಇಂತಹ ನೌಕೆ ಯುದ್ಧಕ್ಕೆ ಯೋಗ್ಯವೇ ಎಂಬ ಶಂಕೆಯೂ ಇತ್ತು. ಆದರೂ ಅದು ಬಂಗಾಳ ಕೊಲ್ಲಿಗೆ ಹೊರಟಿತು. ಡಿಸೆಂಬರ್ 4ರ ಬೆಳಿಗ್ಗೆ ಎಂಟು ಸೀಹಾಕ್‌ಗಳು ಹಾರಿ ಕಾಕ್ಸ್ ಬಜಾರಿನ ವಿಮಾನನಿಲ್ದಾಣದ ಮೇಲೆ ಎರಗಿದವು. ಬಳಿಕ ಚಿತ್ತಗಾಂಗ್ ಬಂದರಿನ ಸರದಿ. ಡಿಸೆಂಬರ್ 16ರಂದು ಢಾಕಾದಲ್ಲಿ ಶತ್ರುಸೈನ್ಯ ಶರಣಾಗುವವರೆಗಿನ ಆ ಯುದ್ಧದಲ್ಲಿ ದಳವು ಒಂದು ಸೀಹಾಕನ್ನೂ ಕಳೆದುಕೊಳ್ಳಲಿಲ್ಲ.

ಕಥೆ ಮುಗಿದಾಗ ನಾವು ಯಾರೂ ನಗಲಿಲ್ಲ.

ಅನಂತರದ ಸಂಗತಿಗಳನ್ನು ನಾವೇ ಓದಿ ತಿಳಿದೆವು. 1983ರ ಡಿಸೆಂಬರಿನಲ್ಲಿ ದಳಕ್ಕೆ ಸೀಹ್ಯಾರಿಯರ್ ವಿಮಾನಗಳು ಗೋವೆಗೆ ಬಂದಿಳಿದವು. 2016ರ ಮೇ 11ರಂದು ಅವೂ ವಿಶ್ರಾಂತಿ ಪಡೆದು, ಮಿಗ್ 29ಕೆ ವಿಮಾನಗಳಿಗೆ ಎಡೆಕೊಟ್ಟವು. ನಾವು ಕಂಡ ವಿಕ್ರಾಂತವನ್ನು 2014ರಲ್ಲಿ ಇದೇ ಮುಂಬಯಿಯಲ್ಲಿ ಒಡೆಯತೊಡಗಿದರು. ಸುದ್ದಿ ಓದಿ ನಮ್ಮ ಮನಸ್ಸು ಮರುಗಿತು. ವಿಮಾನಗಳು ಹೋದವು, ನೌಕೆಯೂ ಹೋಯಿತು. ಆದರೆ ಬಿಳಿ ಹುಲಿಯ ಹೆಸರು ಅಳಿಯಲಿಲ್ಲ. ಕೊಚ್ಚಿಯಲ್ಲಿ ಕಟ್ಟಿ 2022ರಲ್ಲಿ ಸೇವೆಗೆ ಸೇರಿಸಿದ ಹೊಸ ನೌಕೆಗೂ ವಿಕ್ರಾಂತವೆಂದೇ ಹೆಸರು.

ಕಿರಿಯ ಗೆಳೆಯರೇ, ನಾವು ಓದುವಾಗ ನಮ್ಮ ವರ್ಗದಲ್ಲಿ ನಲವತ್ತು ಮಕ್ಕಳಿದ್ದೆವು. ಈಚೆಗೆ ಬಂದಾಗ ಅದೇ ಕೋಣೆಯಲ್ಲಿ ಹದಿಮೂರು ಮಂದಿಯನ್ನು ಕಂಡೆವು. ಈ ನಗರದಲ್ಲಿ ಕನ್ನಡ ಶಾಲೆ ಎಷ್ಟು ದಿನ ನಡೆದೀತೆಂದು ಕೇಳುವವರಿದ್ದಾರೆ. ಅವರಿಗೆ ಕೊಡಲು ನಮ್ಮಲ್ಲಿಯೂ ಉತ್ತರವಿಲ್ಲ. ಆದರೆ ಆ ದಿನ ಹದಿಮೂವರೂ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದರು. ಬಿರುಕು ಬಿಟ್ಟ ಬಾಯ್ಲರಿನೊಡನೆ ಕಡಲಿಗಿಳಿದ ನೌಕೆಯು ನಮಗೆ ನೆನಪಾಯಿತು.