ಹಿಟ್ಟಿನ ಜಿಗಿ

ರೊಟ್ಟಿ ತಿನ್ನುವುದಕ್ಕಿಂತ ಬಡಿಯುವುದೇ ನನಗೆ ಹೆಚ್ಚು ಸುಖ. ಕೊಣಮಿಗೆಯಲ್ಲಿ ಬಿಳಿಜೋಳದ ಹಿಟ್ಟು ಗುಡ್ಡೆ ಮಾಡಿ, ನಡುವೆ ಕುಣಿ ತೋಡಿ, ಕುದಿಯುವ ಎಸರು ಸುರಿದಾಗ ಏಳುವ ವಾಸನೆಗೇ ಹಸಿವು ಕೆರಳುತ್ತದೆ. ಗೋದಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ. ಎಸರಿನ ಬಿಸಿಗೆ ಅಂಟಾಗುವ ಪಿಷ್ಟವೇ ಹಿಟ್ಟನ್ನು ಕೂಡಿಸಿ ಹಿಡಿಯಬೇಕು. ಅದಕ್ಕೇ ಅಂಗೈ ಬುಡದಿಂದ ತಿಕ್ಕಿ ತಿಕ್ಕಿ ನಾದುವುದು. ಬಡಿಯುವಾಗ ಅಂಚು ಸೀಳಿತೆಂದರೆ ನಾದಿದ್ದು ಸಾಲಲಿಲ್ಲ, ಇಲ್ಲವೇ ಹಿಟ್ಟು ಹಳೆಯದು. "ಜಿಗಿನೇ ಇಲ್ಲಲ್ಲವ್ವಾ, ಗಿರಣಿಗಿ ಹೋಗಿ ಹೊಸಾ ಹಿಟ್ಟ ಹಾಕಿಸ್ಕೊಂಡ್ ಬಾ" ಎನ್ನುತ್ತಾರೆ ಬಬಲೇಶ್ವರದ ನಮ್ಮತ್ತಿ. ತಿಂಗಳುಗಟ್ಟಲೆ ಇಟ್ಟ ಹಿಟ್ಟನ್ನು ರೊಟ್ಟಿ ಒಪ್ಪುವುದೇ ಇಲ್ಲ.

ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರುವ ಗಳಿಗೆ ನನಗೆ ಎಲ್ಲಕ್ಕಿಂತ ಪ್ರೀತಿ. ನೀರು ಆರುವ ಮೊದಲೇ ತಿರುವಿದರೆ ಹಂಚಿಗೆ ಹತ್ತಿಕೊಳ್ಳುತ್ತದೆ, ತಡವಾದರೆ ಬಿರಿಯುತ್ತದೆ. ಹದ ನೋಡಿ ತಿರುವಿ ಉರಿಗೆ ಆನಿಸಿದರೆ ಎರಡು ಪದರಾಗಿ ಉಬ್ಬಿ ನಿಲ್ಲುತ್ತದೆ.

ನಮ್ಮ ವಿಜಯಪುರ ಸೀಮೆಯ ಡೋಣಿ ನದಿ ಸಾಲಿನ ಎರೆಭೂಮಿ ಮಳೆಯ ಹಸಿಯನ್ನು ಒಡಲಲ್ಲಿ ಹಿಡಿದಿಟ್ಟು ಹಿಂಗಾರಿ ಜೋಳ ಬೆಳೆಯುತ್ತದೆ. ತಿಕೋಟಾ ಕಡೆ ಈಗ ದ್ರಾಕ್ಷಿ ತೋಟಗಳು ಹಬ್ಬಿದ್ದರೂ ಮನೆಗೆ ಮಾತ್ರ ಮಾಲದಂಡಿ ಜೋಳವೇ ಬೇಕು.

ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ಹೆಚ್ಚುಕಡಿಮೆ ಅಷ್ಟೇ ಪ್ರೋಟೀನು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆಯೆಂದು ಐಸಿಎಂಆರ್ ನೆರವಿನ ಅಧ್ಯಯನ 2023ರಲ್ಲಿ ಅಂದಾಜಿಸಿದ ಮೇಲಂತೂ ವಿಜಯಪುರದ ಓಣಿ ಓಣಿಯಲ್ಲೂ ರೊಟ್ಟಿಯದೇ ಮಾತು. ಆದರೆ ಶುಗರ್ ಇದ್ದವರು ಎಷ್ಟು ರೊಟ್ಟಿ ತಿಂದರೂ ನಡೆಯುತ್ತದೆ ಎನ್ನುವುದನ್ನು ನಾನು ಒಪ್ಪಲಾರೆ. ಜೋಳವೂ ಪಿಷ್ಟವೇ. ರೊಟ್ಟಿಯ ನಿಜವಾದ ಉಪಕಾರ ಬೇರೆ ಇದೆ: ಎಣ್ಣೆ, ಸಕ್ಕರೆ, ಉಪ್ಪು ಯಾವುದೂ ಇಲ್ಲದ ಅದು ಒಂಟಿಯಾಗಿ ಗಂಟಲಲ್ಲಿ ಇಳಿಯುವುದಿಲ್ಲ. ತಟ್ಟೆಗೆ ಮಡಕಿಕಾಳು ಬೇಕು, ಪುಂಡಿ ಪಲ್ಯ ಬೇಕು, ಮೊಸರು ಬೇಕು. ಜೊತೆಗೆ ಹಸಿ ಮೆಂತ್ಯೆ ತಪ್ಪಲು, ಹಕ್ಕರಕಿ, ಉಳ್ಳಾಗಡ್ಡಿ. ಇಷ್ಟನ್ನೂ ಅಗಿದು ಉಣ್ಣುವಷ್ಟರಲ್ಲಿ ಎರಡು ರೊಟ್ಟಿಗೇ ಹೊಟ್ಟೆ ತುಂಬಿರುತ್ತದೆ.

ನಮ್ಮ ಊಟದಲ್ಲಿ ಎಚ್ಚರ ಬೇಕಾದದ್ದು ಉಪ್ಪಿನ ವಿಷಯದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಒಳಗೆ ಸಾಕು ಎನ್ನುತ್ತದೆ. ಹಿಂಡಿ, ಉಪ್ಪಿನಕಾಯಿ, ಹಪ್ಪಳ ಸೇರಿದರೆ ಅದು ಒಂದೇ ಊಟಕ್ಕೆ ಮುಗಿದೀತು. ಹಾಗಾಗಿ ಶೇಂಗಾ ಹಿಂಡಿಗೆ ಉಪ್ಪು ಇಳಿಸಿ ಬೆಳ್ಳುಳ್ಳಿ, ಜೀರಿಗೆ ಏರಿಸಿದ್ದೇನೆ. "ಇದೂ ರುಚಿ ಅದ" ಎಂದು ಅತ್ತಿ ಇನ್ನೊಂದು ಚಮಚ ಹಾಕಿಸಿಕೊಂಡರು.